ರಾಹು ಬೇರೆ ಕಡೆ ಬಂದರೆ ತಂತ್ರಾಂಶ ಕೆಟ್ಟಿದೆ ಎಂದಲ್ಲ

‘ಒಂದೇ ಜನ್ಮಸಮಯ ಕೊಟ್ಟರೂ ಎರಡು ಜ್ಯೋತಿಷ ತಂತ್ರಾಂಶಗಳಲ್ಲಿ ರಾಹು ಬೇರೆ ಡಿಗ್ರಿಯಲ್ಲಿ ಕಾಣುತ್ತಾನೆ, ಹಾಗಾಗಿ ಒಂದರ ಗಣಿತ ತಪ್ಪು’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಚಂದ್ರ, ಸೂರ್ಯರ ಪಥಗಳು ಸಂಧಿಸುವ ಬಿಂದುವಾದ ರಾಹುವಿಗೆ ಎರಡು ಲೆಕ್ಕಗಳಿವೆ: ಸರಾಸರಿ ಸ್ಥಾನದ ಮಧ್ಯಮ ರಾಹು, ನಿಜ ಸ್ಥಾನದ ಸ್ಫುಟ ರಾಹು. ಮಧ್ಯಮ ರಾಹು ಸದಾ ವಕ್ರಗತಿಯಲ್ಲಿ, ದಿನಕ್ಕೆ ಸುಮಾರು 3 ಕಲೆ 11 ವಿಕಲೆಯಂತೆ (60 ವಿಕಲೆಗೆ ಒಂದು ಕಲೆ, 60 ಕಲೆಗೆ ಒಂದು ಡಿಗ್ರಿ) ಒಂದೇ ಸಮನೆ ಹಿಂದೆ ಸರಿಯುತ್ತಾನೆ. ಸ್ಫುಟ ರಾಹು ಅದರ ಆಚೀಚೆ ತೂಗಾಡುತ್ತಾನೆ. ಆಗಾಗ ಕೆಲ ದಿನ ನೇರವಾಗಿಯೂ ಚಲಿಸುತ್ತಾನೆ. ಇವೆರಡರ ನಡುವೆ ಒಂದೂವರೆ ಡಿಗ್ರಿಯಷ್ಟು ಅಂತರ ಬರಬಹುದು. ನಕ್ಷತ್ರದ ಕಾಲುಭಾಗವಾದ ಪಾದವೇ 3 ಡಿಗ್ರಿ 20 ಕಲೆ ಇರುವಾಗ, ಪಾದ ಬದಲಾಗಲು ಅಷ್ಟು ಸಾಕು. ಸೆಟ್ಟಿಂಗ್ಸ್‌ನಲ್ಲಿ ಮೀನ್ ನೋಡ್ (ಮಧ್ಯಮ), ಟ್ರೂ ನೋಡ್ (ಸ್ಫುಟ) ಎಂಬ ಆಯ್ಕೆ ಹುಡುಕಿ, ಎರಡೂ ಕಡೆ ಒಂದನ್ನೇ ಇಡಿ.

ರಾಹು ಕೇತು ಮಾತ್ರವಲ್ಲ, ಲಗ್ನವೂ ಸೇರಿ ಎಲ್ಲವೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಅದು ಅಯನಾಂಶದ (ರಾಶಿಚಕ್ರದ ಆರಂಭಬಿಂದುವನ್ನು ನಿಗದಿಪಡಿಸುವ ಕೋನದ) ವ್ಯತ್ಯಾಸ. ಲಾಹಿರಿ ಮತ್ತು ರಾಮನ್ ಅಯನಾಂಶಗಳಿಗೆ ಹತ್ತಿರ ಹತ್ತಿರ ಒಂದೂವರೆ ಡಿಗ್ರಿ ಅಂತರವಿದೆ. ಇದನ್ನು ಹಗುರವಾಗಿ ಬಿಡಬೇಡಿ: ಚಂದ್ರ ಒಂದು ಡಿಗ್ರಿ ಸರಿದರೆ ಜನ್ಮಕಾಲದ ಶುಕ್ರದಶೆಯ ಶೇಷ (ಉಳಿದ ಅವಧಿ) ಒಂದೂವರೆ ವರ್ಷ ಏರುಪೇರಾಗುತ್ತದೆ. ಆದರೆ ಸ್ಫುಟ ರಾಹುವಿನ ಆಯ್ಕೆಯಿಂದ, ಚಂದ್ರನ ಸ್ಥಾನದಿಂದ ಲೆಕ್ಕ ಹಾಕುವ ವಿಂಶೋತ್ತರಿ ದಶಾ ದಿನಾಂಕಗಳು ಕದಲುವುದಿಲ್ಲ.

ಬೇಗ ಚಲಿಸುವ ಲಗ್ನ, ಚಂದ್ರ ಮಾತ್ರ ತಪ್ಪಿದ್ದರೆ ಮೊದಲು ಸಮಯ ವಲಯ ನೋಡಿ.