ನಮೂನೆ 16 ನಂಬಿ ಹಣ ಕೊಡಬೇಡಿ

ಆಸ್ತಿ ಖರೀದಿಯ ಮುನ್ನೆಚ್ಚರಿಕೆ ಕುರಿತ ಲೇಖನದಲ್ಲಿ ಕಂಪನಿ ನೋಂದಣಿ ಬಗ್ಗೆ ಲೇಖಕರು ಬರೆದಿರುವುದು ಸರಿಯಾಗಿದೆ. ಆದರೆ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದ ಬಗ್ಗೆ ಅವರು ಹೇಳಿದ ‘ಇಸಿಯಲ್ಲಿ ಋಣಭಾರ ಇಲ್ಲವೆಂದು ಬಂದರೆ ಆಸ್ತಿ ಅಡಮಾನದಲ್ಲಿಲ್ಲ ಎಂದೇ ಅರ್ಥ’ ಎಂಬ ಮಾತನ್ನು ಒಪ್ಪಲಾರೆ. ಅದು ಅಪಾಯಕಾರಿ ಸಲಹೆ. ಉಪನೋಂದಣಿ ಕಚೇರಿಯಲ್ಲಿ ದಾಖಲಾದದ್ದು ಮಾತ್ರ ಇಸಿಯಲ್ಲಿ ಕಾಣುತ್ತದೆ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದರೆ ಅದೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅಡಮಾನವೇ. ಬರೀ ಪತ್ರ ಇಟ್ಟದ್ದಕ್ಕೆ ನೋಂದಣಿ ಕಡ್ಡಾಯವಲ್ಲ.

ಮಂಡ್ಯದ ನಮ್ಮ ಸಂಬಂಧಿಕರೊಬ್ಬರು ಮೈಸೂರಿನ ಹೊರವಲಯದಲ್ಲಿ ನಿವೇಶನಕ್ಕೆ ಮುಂಗಡ ಕೊಟ್ಟಿದ್ದು ಋಣಭಾರವಿಲ್ಲ ಎನ್ನುವ ಇಸಿ, ಅಂದರೆ ನಮೂನೆ 16 ನೋಡಿಯೇ. ಮೂಲ ಕ್ರಯಪತ್ರ ಕೇಳಿದಾಗಲೆಲ್ಲ ‘ಲಾಯರ್ ಬಳಿ ಇದೆ’ ಎಂಬ ಉತ್ತರ. ಇದ್ದದ್ದು ಬ್ಯಾಂಕಿನಲ್ಲಿ! ಕಬ್ಬಿನ ದುಡ್ಡು, ಮಗಳ ಮದುವೆಗೆಂದು ಕೂಡಿಟ್ಟದ್ದು, ಎಲ್ಲವೂ ಅಲ್ಲಿ ಸಿಕ್ಕಿಕೊಂಡಿತು.

ಮಾರುತ್ತಿರುವುದು ಕಂಪನಿಯಾದರೆ ಇನ್ನೊಂದು ದಾರಿಯಿದೆ, ಲೇಖನ ಅದನ್ನು ಮುಟ್ಟಿಯೇ ಇಲ್ಲ. 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಆಸ್ತಿಯ ಮೇಲಿನ ಸಾಲದ ಹೊಣೆಯನ್ನು ಸಾಮಾನ್ಯವಾಗಿ 30 ದಿನಗಳೊಳಗೆ ಕಂಪನಿ ರಿಜಿಸ್ಟ್ರಾರ್ ಬಳಿ ನೋಂದಾಯಿಸಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಬ್ಯಾಂಕ್ ಅಡಮಾನಗಳಿಗೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯೂ ಇದೆ. ಅಲ್ಪ ಶುಲ್ಕ ಕಟ್ಟಿ ಹುಡುಕಬಹುದು.

ಅಡಮಾನದ ಆಸ್ತಿ ಮಾರುವುದೇ ತಪ್ಪು ಎನ್ನುತ್ತಿಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು, ಬಾಕಿ ಎಷ್ಟೆಂದು ಅದರಿಂದಲೇ ಬರೆಸಿಕೊಂಡು, ಖರೀದಿದಾರರ ಹಣ ನೇರವಾಗಿ ಸಾಲದ ಖಾತೆಗೆ ಹೋಗುವಂತೆ ಕರಾರು ಮಾಡಿಕೊಂಡರೆ ವ್ಯವಹಾರ ಸುಸೂತ್ರವಾಗಿ ನಡೆಯುತ್ತದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ವ್ಯಾಪ್ತಿಯ ಯೋಜನೆಯಾದರೆ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವ ಹಕ್ಕೇ ಯೋಜನೆಯ ಪ್ರವರ್ತಕರಿಗಿಲ್ಲ. ಲೇಖಕರು ಆ ಇಸಿ ಸಾಲನ್ನು ದಯವಿಟ್ಟು ತಿದ್ದಬೇಕು.