ಸೈನ್ ಇನ್ವರ್ಸ್ ಹಾಗೆಲ್ಲ 'ಕ್ಯಾನ್ಸಲ್' ಆಗುವುದಿಲ್ಲ
'ಸೈನ್ ಇನ್ವರ್ಸ್ ಪಕ್ಕದಲ್ಲಿ ಸೈನ್ ಬಂದರೆ ಎರಡನ್ನೂ ಹೊಡೆದುಹಾಕಿ, ಒಳಗಿನ ಕೋನವೇ ಉತ್ತರ' ಎಂದು ತ್ರಿಕೋನಮಿತಿಯ ಬಗೆಗಿನ ಲೇಖನವೊಂದು ಹೇಳುತ್ತದೆ. ಇದು ಅರ್ಧ ಸತ್ಯ, ಮಕ್ಕಳು ಅಂಕ ಕಳೆದುಕೊಳ್ಳುವುದೂ ಇಲ್ಲೇ. ಸೈನ್ ಇನ್ವರ್ಸ್ ಅಂದರೆ ಸೈನ್ ಬೆಲೆಯಿಂದ ಕೋನವನ್ನು ಹುಡುಕುವುದು. 150 ಡಿಗ್ರಿ ಹಾಕಿ ನೋಡಿ: ಸೈನ್ ಬೆಲೆ 0.5, ಅದರ ಸೈನ್ ಇನ್ವರ್ಸ್ 30 ಡಿಗ್ರಿ. 150 ವಾಪಸ್ ಬರಲೇ ಇಲ್ಲ! ಸೈನ್ ಇನ್ವರ್ಸ್ ಕೊಡುವುದು ಮೈನಸ್ 90ರಿಂದ 90 ಡಿಗ್ರಿಯೊಳಗಿನ ಕೋನವನ್ನು ಮಾತ್ರ, ಕಾಸ್ ಇನ್ವರ್ಸ್ ಆದರೆ 0ಯಿಂದ 180.

ಕೋನ ರೇಡಿಯನ್‌ನಲ್ಲಿದ್ದರೆ (360 ಡಿಗ್ರಿಯ ಪೂರ್ತಿ ಸುತ್ತು ಅಂದರೆ 2 ಪೈ ರೇಡಿಯನ್) ಎಡವುವುದು ಇನ್ನೂ ಸುಲಭ. ಸೈನ್ 5ರ ಸೈನ್ ಇನ್ವರ್ಸ್ 5 ಅಲ್ಲ. 5ರಿಂದ 2 ಪೈ ಕಳೆದರೆ ಸಿಗುವ ಸುಮಾರು ಮೈನಸ್ 1.283. ಅದೇ 5ಕ್ಕೆ ಕಾಸ್ ಮತ್ತು ಕಾಸ್ ಇನ್ವರ್ಸ್ ಹಾಕಿದರೆ ಪ್ಲಸ್ 1.283. ವ್ಯಾಪ್ತಿ, ಅಂದರೆ ಉತ್ತರ ಇರಬೇಕಾದ ಮಿತಿ, ಬೇರೆ; ಹಾಗಾಗಿ ಚಿಹ್ನೆಯೂ ಬೇರೆ.

ಕ್ರಮ ತಿರುಗಿಸಿ, ಮೊದಲು ಇನ್ವರ್ಸ್ ಆಮೇಲೆ ಸೈನ್ ಮಾಡಿದರೆ ಹೊಡೆದುಹಾಕುವುದು ಸರಿ, ಅದೂ ಸಂಖ್ಯೆ ಮೈನಸ್ 1ರಿಂದ 1ರೊಳಗೆ ಇದ್ದಾಗ. ಸೂತ್ರಕ್ಕಿಂತ ಮೊದಲು ಸೈನ್ ಗ್ರಾಫ್ ಬರೆಸಿ, 0.5ರ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಸಿ. ಅದು ಎಷ್ಟು ಕಡೆ ತಾಗುತ್ತದೆ ಎಂದು ಎಣಿಸುವಾಗಲೇ ವ್ಯಾಪ್ತಿಗೆ ಬೇಲಿ ಯಾಕೆ ಬೇಕು ಅನ್ನುವುದು ಹೊಳೆಯುತ್ತದೆ.