ಇಳಿಯುವ ಸಾಲ, ಏರುವ ಬಡ್ಡಿ

ಆಟಿ ತಿಂಗಳ ಮಳೆಗೆ ಉಡುಪಿಯ ಮನೆಗಳಲ್ಲಿ ಬೆಲ್ಟು, ಚಪ್ಪಲಿ, ಕಪಾಟಿನೊಳಗಿನ ಚೀಲಗಳಿಗೆಲ್ಲ ಬೂಸ್ಟು ಹಿಡಿಯುವುದು ಹೊಸ ಸಂಗತಿಯೇನಲ್ಲ. ಮೊನ್ನೆ ಜಗಲಿಯ ಮೂಲೆಯಲ್ಲಿದ್ದ ನನ್ನ ಬೂಟುಗಳನ್ನು ತೆಗೆದು ನೋಡಿದರೆ ಅವಕ್ಕೂ ಬೆಳ್ಳಗಿನ ಬೂಸ್ಟು ಬಂದಿತ್ತು; ಆದರೆ ಅದರ ಕೆಳಗೆ, ಹೊಲಿಗೆಯ ಸಂದಿನಲ್ಲಿ, ನಸುಗೆಂಪು ಧೂಳೊಂದು ಹಾಗೆಯೇ ಉಳಿದಿತ್ತು. ನಮ್ಮ ಅಂಗಳದ ಮುರಕಲ್ಲಿನ ಮಣ್ಣೆಂದು ತಿಳಿದು ಬ್ರಷ್ಷು ಹಿಡಿದು ಬಂದ ಹೆಂಡತಿಯನ್ನು ನಾನು ತಡೆದೆ. ಅದು ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಅರಿಜೋನಾದಿಂದ, ಗ್ರ್ಯಾಂಡ್ ಕ್ಯಾನಿಯನ್ ಎಂಬ ಭಾರೀ ಕಮರಿಯ ಒಂದು ಕಾಲುದಾರಿಯಿಂದ, ಸುಂಕ ಕಟ್ಟದೆ ನನ್ನೊಂದಿಗೆ ಬಂದ ಮಣ್ಣು.

ನಮ್ಮ ಊರಿನವರ ಪಾಲಿಗೆ ಒಳ್ಳೆಯ ನೋಟವೆಂದರೆ ಅದು ಮೇಲೆಯೇ ಇರಬೇಕು. ಕುಂಜಾರುಗಿರಿಯ ಮೆಟ್ಟಿಲುಗಳನ್ನು ಹತ್ತಿದವನಿಗೆ ಸುತ್ತಲಿನ ಹಸುರು ಕಾಣುತ್ತದೆ. 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹತ್ತಿದವನಿಗೆ, ಮಂಜು ಮನಸ್ಸು ಮಾಡಿದರೆ, ಇನ್ನೂ ಹೆಚ್ಚು ಕಾಣುತ್ತದೆ. ಮೊದಲು ಬೆವರು, ಆಮೇಲೆ ನೋಟ. ಠೇವಣಿ ಇಟ್ಟು ಅವಧಿ ಮುಗಿದ ಮೇಲೆ ಬಡ್ಡಿ ಪಡೆಯುವ ಕ್ರಮವಿದು. ಕ್ಯಾನಿಯನ್ನಿನ ವ್ಯವಹಾರ ಇದಕ್ಕೆ ತೀರಾ ತಿರುವುಮುರುವು. ಅಲ್ಲಿ ನೋಟದ ಜಾಗಕ್ಕೆ ಇಳಿದು ಹೋಗಬೇಕು, ನೋಡಿ ಮುಗಿದ ಮೇಲೆ ಹತ್ತಿ ಬರಬೇಕು. "ಇಳಿಯುವುದು ನಿಮ್ಮ ಇಷ್ಟ, ಹತ್ತುವುದು ಕಡ್ಡಾಯ" ಎಂಬ ಮಾತೇ ಅಲ್ಲಿನ ನ್ಯಾಷನಲ್ ಪಾರ್ಕಿನಲ್ಲಿ ಚಾಲ್ತಿಯಲ್ಲಿದೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಇದರ ಅರ್ಥ ಕೂಡಲೇ ಆಯಿತು, ಆದರೆ ಸಾಲ ಕೊಡುವ ಮೇಜಿನ ಹಿಂದೆ ಕುಳಿತವನಿಗೆ ತೆಗೆದುಕೊಳ್ಳುವ ಕಡೆಯ ಅನುಭವ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ನಾವು ಹಿಡಿದದ್ದು ಸೌತ್ ಕೈಬಾಬ್ ಎಂಬ ದಾರಿ. ಕೈಬಾಬ್ ಎಂದರೆ ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರ ಮಾತಿನಲ್ಲಿ ‘ಮಲಗಿರುವ ಬೆಟ್ಟ’. ದಾರಿಯ ಬಾಯಿಗೆ ಖಾಸಗಿ ಕಾರುಗಳನ್ನು ಬಿಡದ ಕಾರಣ ಮಗಳು, ಅಳಿಯ ಮತ್ತು ನಾನು ಬೆಳ್ಳಂಬೆಳಗ್ಗೆ ಪಾರ್ಕಿನ ಬಸ್ಸಿನಲ್ಲಿ ಹೋಗಿ ಇಳಿದೆವು. ಅಲ್ಲಿಂದ ಸುಮಾರು 1.4 ಕಿಲೋಮೀಟರ್ ನಡೆದು 200 ಮೀಟರಿಗೂ ಹೆಚ್ಚು ಕೆಳಗಿಳಿದರೆ ‘ಊ ಆ ಪಾಯಿಂಟ್’ ಸಿಗುತ್ತದೆ. ಹೆಸರು ತಮಾಷೆಯದಲ್ಲ, ನಿಜವಾಗಿಯೂ ಹಾಗೆಯೇ ಇದೆ. ಉಡುಪಿಯವರು ಇಟ್ಟಿದ್ದರೆ ಅದು ‘ಅಬ್ಬಬ್ಬ ಪಾಯಿಂಟ್’ ಆಗುತ್ತಿತ್ತು. ಇನ್ನೂ ವಿಚಿತ್ರವೆಂದರೆ ದಾರಿ ಶುರುವಾಗುವ ಅಂಚು ಸಮುದ್ರಮಟ್ಟದಿಂದ 2200 ಮೀಟರ್ ಎತ್ತರದಲ್ಲಿದೆ. ಅಷ್ಟು ಇಳಿದು ನಿಂತಾಗಲೂ ನಾವು ಕರ್ನಾಟಕದ ಅತಿ ಎತ್ತರದ ಶಿಖರವಾದ, 1930 ಮೀಟರಿನ ಮುಳ್ಳಯ್ಯನಗಿರಿಗಿಂತ ಮೇಲೆಯೇ ಇದ್ದೆವು.

ಆ ದಾರಿಯಲ್ಲಿ ಒಂದು ತೊಟ್ಟು ನೀರು ಸಿಗುವುದಿಲ್ಲ, ಎಲ್ಲವನ್ನೂ ಹೊತ್ತೊಯ್ಯಬೇಕು. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬೀಳುವ ಊರಿನವನಿಗೆ, 400ರ ಆಸುಪಾಸಿನಲ್ಲಿ ವರ್ಷ ಕಳೆಯುವ ಊರಿನಲ್ಲಿ ಬೆನ್ನ ಮೇಲೆ ಮೂರು ಲೀಟರ್ ನೀರು ಹೊರುವುದು ಒಂದು ಬಗೆಯ ಪ್ರಾಯಶ್ಚಿತ್ತದಂತೆ ಕಂಡಿತು. ಅಲ್ಲಿಯೂ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆ ಬರುತ್ತದಂತೆ, ಅದನ್ನು ಅವರು ಮಾನ್ಸೂನ್ ಎನ್ನುತ್ತಾರೆ. ನಾನು ಸೌಜನ್ಯಕ್ಕಾಗಿ ನಗಲಿಲ್ಲ. ಬರಿಯ ನೀರು ಕುಡಿಯುತ್ತ ಹೋದರೂ ಅಪಾಯ, ಬೆವರಿನಲ್ಲಿ ಹೋದ ಉಪ್ಪನ್ನು ತಿಂದು ತುಂಬಿಸಿಕೊಳ್ಳಬೇಕು ಎಂದು ಪಾರ್ಕಿನವರು ಹೇಳುತ್ತಾರೆ. ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿದು ಗದ್ದೆಗೆ ಇಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾನು ಚೀಲದಿಂದ ಊರಿನ ಹಲಸಿನಕಾಯಿ ಚಿಪ್ಸ್ ತೆಗೆದೆ.

ಇಳಿಯುತ್ತ ಹೋದಂತೆ ನನಗೆ ನೆನಪಾದದ್ದು ಯಾವ ಬೆಟ್ಟವೂ ಅಲ್ಲ, ನಮ್ಮ ಮನೆಯ ಬಾವಿ. ನಾನು ಸಣ್ಣವನಿದ್ದಾಗ ಅದನ್ನು ತೋಡುವುದನ್ನು ಅಂಚಿನಲ್ಲಿ ಕುಳಿತು ನೋಡಿದ್ದೆ: ಮೊದಲು ಕೆಂಪು ಮಣ್ಣು, ಅದರ ಕೆಳಗೆ ತೂತುತೂತಾದ ಮುರಕಲ್ಲು, ಅದರ ಕೆಳಗೆ ಬೆಣ್ಣೆಯಂತೆ ಜಾರುವ ಶೇಡಿ ಮಣ್ಣು. ಮುರಕಲ್ಲಿನ ಗೋಡೆಯಲ್ಲಿ ಪಿಕ್ಕಾಸಿನಿಂದ ಕೆತ್ತಿದ ಕಾಲಿಡುವ ಗೂಡುಗಳು ಈಗಲೂ ಇವೆ, ಅವುಗಳೊಳಗೆ ಜರಿಗಿಡ ಬೆಳೆದಿದೆ. ಕ್ಯಾನಿಯನ್ನಿನದೂ ಅದೇ ಲೆಕ್ಕ, ಸೊನ್ನೆಗಳು ಮಾತ್ರ ಹೆಚ್ಚು. ತುಟ್ಟತುದಿಯ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು, ಅದರಲ್ಲಿ ಚಿಪ್ಪು ಮತ್ತು ಸ್ಪಂಜುಗಳ ಪಳೆಯುಳಿಕೆಗಳಿವೆ. ಅದಕ್ಕಿಂತ ಕೆಳಗಿನ ಬಿಳಿಚಿದ ಮರಳುಗಲ್ಲು ಒಂದು ಕಾಲದಲ್ಲಿ ಗಾಳಿ ಒಟ್ಟಿದ ಮರಳಿನ ದಿಬ್ಬ. ಅಂದರೆ ಹಳೆಯ ಮರುಭೂಮಿಯ ಮೇಲೆ ಹಳೆಯ ಕಡಲು, ಆ ಕಡಲಿನ ತಳದ ಮೇಲೆ ಮಲ್ಪೆಯ ಗಾಳಿ ಕುಡಿದು ಬೆಳೆದ ನಾನು. ಇದನ್ನೆಲ್ಲ ತೋಡಿದ್ದು ಪಿಕ್ಕಾಸಲ್ಲ, ಕೊಲೊರಾಡೊ ನದಿ. ನಾವು ನೀರನ್ನು ಹುಡುಕಿ ಬಾವಿ ತೋಡುತ್ತೇವೆ. ಅಲ್ಲಿ ನೀರೇ 446 ಕಿಲೋಮೀಟರ್ ಉದ್ದಕ್ಕೆ, ಹೆಚ್ಚುಕಡಿಮೆ 1.6 ಕಿಲೋಮೀಟರ್ ಆಳಕ್ಕೆ ತೋಡಿಟ್ಟಿದೆ.

ಪಾಯಿಂಟ್ ಎನ್ನುವುದು ಒಂದು ತಿರುವು, ಅಷ್ಟೆ. ಗೋಡೆ ಸರಿದು ಒಮ್ಮೆಲೇ ಎಲ್ಲವೂ ಎದುರಾಗುತ್ತದೆ, ಕಟಾಂಜನವಿಲ್ಲ. ಅಳಿಯ ಆಚೆ ಬದಿಯ ಗೋಪುರದಂಥ ಬಂಡೆಗಳನ್ನು ತೋರಿಸಿ, ಅವುಗಳಲ್ಲೊಂದರ ಹೆಸರು ಬ್ರಹ್ಮ ಟೆಂಪಲ್ ಎಂದ. ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ಅಲ್ಲಿನ ಶಿಖರಗಳಿಗೆ ವಿಷ್ಣು, ಶಿವ ಎಂದು ಹೆಸರಿಟ್ಟನಂತೆ, ಮುಂದಿನವರು ಅದೇ ಜಾಡನ್ನು ಹಿಡಿದರು. ತಳದಲ್ಲಿರುವ ಕಪ್ಪು ಶಿಲೆಯ ಹೆಸರೂ ವಿಷ್ಣು ಶಿಸ್ಟ್, ಅದರ ವಯಸ್ಸು 170 ಕೋಟಿ ವರ್ಷ. ಆದರೆ ಇಷ್ಟನ್ನೆಲ್ಲ ಮಾಡಿದ ನದಿ ಮಾತ್ರ ಅಲ್ಲಿಂದ ಕಾಣುವುದಿಲ್ಲ. ಅದರ ಮೊದಲ ದರ್ಶನಕ್ಕೆ ಇನ್ನೂ ಮೂರು ಕಿಲೋಮೀಟರಿಗೂ ಹೆಚ್ಚು ಇಳಿಯಬೇಕು. ಕಿಂಡಿಯ ಒಂಬತ್ತು ತೂತುಗಳಲ್ಲಿ ಇಣುಕಿ ತೃಪ್ತಿಪಟ್ಟುಕೊಳ್ಳುವ ಊರಿನವನಾದ ನಾನು ಕಂಡಷ್ಟಕ್ಕೇ ಕೈಮುಗಿದೆ.

ಮರುಪಾವತಿ ಹತ್ತು ಗಂಟೆಗೆ ಶುರುವಾಯಿತು. ಇಳಿದ ಸಮಯದ ಎರಡರಷ್ಟು ಹತ್ತಲು ಬೇಕು ಎನ್ನುವುದು ಅಲ್ಲಿನ ಲೆಕ್ಕ, ನನ್ನದು ಮೂರರಷ್ಟಾಯಿತು. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವನ್ನು ಪಾಲಿಸಿ ಯುವಕರೆಲ್ಲ ಬದಿಗೆ ಸರಿದು ನಿಂತಾಗ, ಏದುಸಿರನ್ನು ಅಡಗಿಸಿಕೊಂಡು ನಡೆಯಬೇಕಾಗಿ ಬಂದದ್ದು ಬಡ್ಡಿಯ ಮೇಲಿನ ಬಡ್ಡಿ. ಹೇಸರಗತ್ತೆಗಳ ಸಾಲು ಬಂದಾಗ ಮಾತ್ರ ಎಲ್ಲರೂ ಗೋಡೆಗೆ ಒರಗಿ ಸುಮ್ಮನೆ ನಿಲ್ಲಬೇಕು. ಅವು ಬರಲೆಂದು ನಾನು ಎರಡು ಸಲ ಹಾರೈಸಿದೆ.

ನಿನ್ನೆ ಸಂಜೆ ಮಳೆ ಬಿಟ್ಟಾಗ ಪಕ್ಕದ ಮನೆಯ ಶೆಟ್ಟರು ಬಂದು ಜಗಲಿಯಲ್ಲಿ ಕುಳಿತರು. ನಮ್ಮ ಬಾವಿಯ ನೀರು ಆ ಹೊತ್ತಿಗೆ ಬಗ್ಗಿದರೆ ಕೊಡ ಮುಳುಗುವಷ್ಟು ಮೇಲೆ ಬಂದಿತ್ತು. ಫೋನಿನಲ್ಲಿದ್ದ ಕ್ಯಾನಿಯನ್ನಿನ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದ ಅವರು ಕೊನೆಗೆ ತಲೆಯೆತ್ತಿ, "ಅಷ್ಟು ಆಳ ಹೋಗಿಯೂ ನೀರು ಸಿಗಲಿಲ್ಲವಾ ಮಾರಾಯ್ರೆ?" ಎಂದು ಕೇಳಿದರು.

"ನೀರು ಉಂಟು ಶೆಟ್ರೆ," ಎಂದೆ. "ಅದನ್ನು ನೋಡುವಷ್ಟು ಇಳಿಯಲಿಕ್ಕೆ ನನ್ನ ಮೊಣಕಾಲು ಸಾಲ ಮಂಜೂರು ಮಾಡಲಿಲ್ಲ."